ಒಂಬತ್ತು ಚದರ



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು, ಕಟ್ಟಿದ ಮನೆಯನ್ನು ಬಿಟ್ಟು ಅದಕ್ಕಿಂತ ಚಿಕ್ಕದೊಂದನ್ನು ಕಟ್ಟಿ ನೋಡು ಎಂದು ಹೇಳಬೇಕಾದ ಪ್ರಸಂಗವನ್ನು ಊಹಿಸಿದ್ದಂತೆ ತೋರುವುದಿಲ್ಲ. ಗೃಹಸ್ಥನ ಮನೆ ಕಾಲಕ್ರಮದಲ್ಲಿ ಬೆಳೆಯತಕ್ಕದ್ದು. ಎರಡಂಕಣ ನಾಲ್ಕಾಗಿ, ಹಿತ್ತಲಿಗೊಂದು ಮಾಡು ಇಳಿದು, ಮೇಲೊಂದು ಮಾಳಿಗೆ ಏರಿ, ಮಕ್ಕಳು ಮೊಮ್ಮಕ್ಕಳಿಂದ ತುಂಬತಕ್ಕದ್ದು. ಹಾಗೆ ಬೆಳೆಯುವುದೇ ಅಭ್ಯುದಯದ ಲಕ್ಷಣವೆಂದು ನಂಬಿದ ಸಮಾಜದಲ್ಲಿ, ಇದ್ದ ದೊಡ್ಡ ಮನೆಯನ್ನು ತೊರೆದು ಚಿಕ್ಕದಾದುದನ್ನು ಬುದ್ಧಿಪೂರ್ವಕವಾಗಿ ಕಟ್ಟಿಸಿಕೊಂಡು ಹೋಗುವವನನ್ನು ಜನ ಒಂದೋ ಸಾಲಗಾರನೆಂದು ಶಂಕಿಸುತ್ತಾರೆ, ಇಲ್ಲವೆ ದಾಯಾದಿ ವ್ಯಾಜ್ಯದಲ್ಲಿ ಸೋತವನೆಂದು ಮರುಗುತ್ತಾರೆ. ನನ್ನ ವಿಷಯದಲ್ಲಿ ಎರಡೂ ನಡೆಯಿತು. ಸಾಲವೂ ಇಲ್ಲ, ವ್ಯಾಜ್ಯವೂ ಇಲ್ಲ ಎಂದು ನಾನು ವಿವರಿಸಿದ ಮೇಲೆ, ಹಾಗಾದರೆ ವಾಸ್ತುದೋಷವಿದ್ದಿರಬೇಕು ಎಂದು ಮೂರನೆಯ ಕಾರಣವನ್ನು ಅವರೇ ಒದಗಿಸಿಕೊಟ್ಟರು.

ಆ ಹಳೆಯ ಮನೆ ಮೈಸೂರಿನ ಅಗ್ರಹಾರದ ಓಣಿಯೊಂದರಲ್ಲಿ, ಬೀದಿಯ ಕಡೆಗೆ ಕಿರಿದಾಗಿಯೂ ಹಿತ್ತಲಿನ ಕಡೆಗೆ ಅತಿದೀರ್ಘವಾಗಿಯೂ ಚಾಚಿಕೊಂಡಿದ್ದ ತೊಟ್ಟಿಯ ಮನೆ. ಜಗಲಿಯನ್ನು ದಾಟಿದರೆ ಪಡಸಾಲೆ, ಪಡಸಾಲೆಯನ್ನು ದಾಟಿದರೆ ತೊಟ್ಟಿ, ತೊಟ್ಟಿಯ ಸುತ್ತ ತೇಗದ ಕಂಬಗಳ ಮೇಲೆ ನಿಂತ ಮೊಗಸಾಲೆ, ಅದರಾಚೆ ನಡುಮನೆ, ದೇವರಮನೆ, ಅಡುಗೆಮನೆ, ಉಗ್ರಾಣ, ಬಾಣಂತಿಕೋಣೆ, ಇನ್ನೂ ಒಳಗೆ ಮತ್ತೊಂದು ಸಣ್ಣ ತೊಟ್ಟಿ, ಬಚ್ಚಲುಮನೆ, ಬಾವಿ, ಕೊಟ್ಟಿಗೆ. ನಮ್ಮ ಅಜ್ಜನ ಕಾಲದವರು ಇದನ್ನೆಲ್ಲ ಅಂಕಣಗಳಲ್ಲಿ ಎಣಿಸುತ್ತಿದ್ದರು. ಈಗಿನ ಕಂಟ್ರಾಕ್ಟರುಗಳ ಲೆಕ್ಕದಂತೆ, ನೂರು ಚದರಡಿಗೆ ಒಂದು ಚದರವೆಂದು ಹಿಡಿದರೆ, ಮಾಳಿಗೆಯೂ ಸೇರಿ ನಲವತ್ತು ಚದರಕ್ಕೆ ಕಡಮೆಯಾಗಲಾರದು. ಅದರಲ್ಲಿ ಕಡೆಯ ವರ್ಷಗಳಲ್ಲಿ ವಾಸವಾಗಿದ್ದವರು ನಾನು ಮತ್ತು ನನ್ನ ಪತ್ನಿ.

ಅದನ್ನು ಬಿಡುವ ಯೋಚನೆ ನಮ್ಮಲ್ಲಿ ಮೊಳೆತಾಗ, ಒಂದೊಂದು ಕೋಣೆಯೂ ಯಾವ ಪ್ರಯೋಜನವನ್ನುದ್ದೇಶಿಸಿ ಕಟ್ಟಲ್ಪಟ್ಟಿತು, ಆ ಪ್ರಯೋಜನ ಈಗ ಎಲ್ಲಿಗೆ ಹೋಯಿತು ಎಂದು ವಿಚಾರಿಸಿ ನೋಡುವ ಕುತೂಹಲ ನನಗೆ ಹುಟ್ಟಿತು. ಉಗ್ರಾಣದ ಪಕ್ಕದ ಕತ್ತಲೆಕೋಣೆಯಲ್ಲಿ ಮರದ ಕಣಜವೊಂದಿತ್ತು. ಹಳ್ಳಿಯ ಗದ್ದೆಯ ಗೇಣಿಯ ಭತ್ತ ಸಂಕ್ರಾಂತಿಯ ಸುಮಾರಿಗೆ ಗಾಡಿಗಳಲ್ಲಿ ಬಂದು ಅದನ್ನು ತುಂಬುತ್ತಿತ್ತು. 1974ರ ಭೂಸುಧಾರಣೆಯ ಕಾನೂನು ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಿದಾಗ (ಅದು ನ್ಯಾಯವೇ ಆಗಿತ್ತೆಂದು ನಮ್ಮ ತಂದೆಯವರೂ ಕೊನೆಕೊನೆಗೆ ಒಪ್ಪಿಕೊಂಡಿದ್ದರು) ಗಾಡಿಗಳು ನಿಂತವು, ಕಣಜ ಮಾತ್ರ ಕೋಣೆಯನ್ನು ಆಕ್ರಮಿಸಿಕೊಂಡು ಉಳಿಯಿತು. ಬಾಣಂತಿಕೋಣೆಯಲ್ಲಿ ನಾನೂ ನನ್ನ ಒಡಹುಟ್ಟಿದವರೂ ಹುಟ್ಟಿದೆವು. ನನ್ನ ಮಕ್ಕಳು ಹುಟ್ಟಿದ್ದು ಚೆಲುವಾಂಬ ಆಸ್ಪತ್ರೆಯಲ್ಲಿ. ಮಾಳಿಗೆಯ ಮುಂಗೋಣೆಯಲ್ಲಿ ಹಳ್ಳಿಗಳಿಂದ ಓದಲು ಬಂದ ವಾರಾನ್ನದ ಹುಡುಗರು ಇಬ್ಬರೋ ಮೂವರೋ ಸದಾ ಇರುತ್ತಿದ್ದರು. ಸುತ್ತೂರು ಮಠದ ಉಚಿತ ವಿದ್ಯಾರ್ಥಿನಿಲಯದಂತಹ ಸಂಸ್ಥೆಗಳೂ ಸರ್ಕಾರದ ಹಾಸ್ಟೆಲುಗಳೂ ಬೆಳೆದಂತೆ ಆ ಕೋಣೆಗೆ ಕೆಲಸವಿಲ್ಲದಂತಾಯಿತು. ತೊಟ್ಟಿಗೆ ಚಪ್ಪರ ಹಾಕಿ ನಮ್ಮ ಸೋದರತ್ತೆಯರ ಮದುವೆಗಳನ್ನು ಐದೈದು ದಿನ ಮನೆಯಲ್ಲಿಯೇ ನಡೆಸಿದರಂತೆ. ನನ್ನ ತಂಗಿಯ ಮದುವೆಯ ಹೊತ್ತಿಗೆ ಛತ್ರ ಬಂದಿತ್ತು, ಮಗಳ ಮದುವೆಯ ಹೊತ್ತಿಗೆ ಛತ್ರವು ಕಲ್ಯಾಣಮಂಟಪವಾಗಿ, ಒಂದೂವರೆ ದಿನದ ಬಾಡಿಗೆಗೆ, ಪಾತ್ರೆಪಡಗ ಸಮೇತ ದೊರೆಯತೊಡಗಿತ್ತು.

ಹೀಗೆ ವಿಚಾರಿಸುತ್ತ ಹೋದಾಗ ನನಗೆ ಹೊಳೆದುದೇನೆಂದರೆ, ನಮ್ಮವರು ದೊಡ್ಡ ಮನೆಗಳನ್ನು ಕಟ್ಟಿದ್ದು ಸಂದರ್ಭಗಳಿಗಾಗಿ. ದಿನಗಳು ಆ ಸಂದರ್ಭಗಳ ಸಂದಿಯಲ್ಲಿ ಹೇಗೋ ಜಾಗ ಮಾಡಿಕೊಂಡು ಕಳೆದುಹೋಗುತ್ತಿದ್ದುವು. ಗಾದೆಯು ಮನೆಯನ್ನೂ ಮದುವೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಬರಿಯ ಖರ್ಚಿನ ಸಾಮ್ಯದಿಂದಲೇ ಇರಲಾರದು. ಮದುವೆ ಮಾಡುವುದಕ್ಕೆಂದೇ ಮನೆ ಕಟ್ಟುತ್ತಿದ್ದ ಕಾಲದ ಮಾತು ಅದು. ಜನನ, ಉಪನಯನ, ವಿವಾಹ, ಶ್ರಾದ್ಧ, ಅಧ್ಯಯನ, ಧಾನ್ಯಸಂಗ್ರಹ ಇವೆಲ್ಲಕ್ಕೂ ಊರಿನಲ್ಲಿ ಬೇರೆ ಸ್ಥಳವಿಲ್ಲದಿದ್ದಾಗ ಮನೆಯೇ ಆಸ್ಪತ್ರೆ, ಮನೆಯೇ ಛತ್ರ, ಮನೆಯೇ ಪಾಠಶಾಲೆ ಆಗಬೇಕಾಗಿತ್ತು. ಬಾನುಲಿಯಲ್ಲಿ ಮಾತನಾಡುತ್ತಿರುವಾಗ ಒಂದು ವಿಷಯವನ್ನು ಹೇಳದೆ ಬಿಡಲಾರೆ: ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ಆಕಾಶವಾಣಿಯನ್ನು ಆರಂಭಿಸಿದ್ದು ತಮ್ಮ ಸ್ವಂತ ಮನೆಯಲ್ಲಿ, ಮೂವತ್ತು ವ್ಯಾಟಿನ ಒಂದು ಪ್ರಸಾರಯಂತ್ರದಿಂದ. ಮನೆಗೆ ಆ ಕಾಲದಲ್ಲಿ ಇಂಥದನ್ನೂ ಧರಿಸುವ ಶಕ್ತಿಯಿತ್ತು. ಆಮೇಲೆ ಒಂದೊಂದಾಗಿ ಈ ಕಾರ್ಯಗಳೆಲ್ಲ ಮನೆಯಿಂದ ಹೊರನಡೆದು ಊರಿನಲ್ಲಿ ತಮ್ಮ ತಮ್ಮ ಕಟ್ಟಡಗಳನ್ನು ಕಟ್ಟಿಕೊಂಡುವು. ಆದುದರಿಂದ ಹಳೆಯ ಮನೆಯನ್ನು ನಾವು ಬಿಟ್ಟೆವೆಂದು ನೆಂಟರು ಆಕ್ಷೇಪಿಸುವಾಗ, ನಮಗಿಂತ ಮೊದಲೇ ಮನೆಯ ಉದ್ಯೋಗಗಳೆಲ್ಲ ಮನೆಯನ್ನು ಬಿಟ್ಟುಹೋಗಿದ್ದುವು, ನಾವು ಕಡೆಯವರು ಮಾತ್ರ ಎಂದು ನಾನು ಉತ್ತರ ಹೇಳುತ್ತೇನೆ.

ಉದ್ಯೋಗವಿಲ್ಲದ ಕೋಣೆಗಳು ಸುಮ್ಮನಿರುವುದಿಲ್ಲ, ಗೆದ್ದಲು ಸಾಕುತ್ತವೆ. ಮುಂಗಾರಿಗೆ ಮುನ್ನ ಹೆಂಚು ತಿರುವಿಹಾಕಿಸಬೇಕು, ಆ ಕೆಲಸ ಬಲ್ಲ ಆಳುಗಳು ಸಿಕ್ಕರೆ ಹೆಂಚು ಸಿಗುವುದಿಲ್ಲ, ಹೆಂಚು ಸಿಕ್ಕರೆ ಆಳುಗಳು ಸಿಗುವುದಿಲ್ಲ. ತೊಟ್ಟಿಯ ನೀರು ಹೋಗುವ ತೂಬು ಕಟ್ಟಿಕೊಂಡರೆ ನಡುಮನೆಯವರೆಗೂ ನೀರು. ಅಡುಗೆಮನೆಯಲ್ಲಿ ಕುಳಿತ ನನ್ನ ಪತ್ನಿಗೆ ಬೀದಿಬಾಗಿಲಿನ ಸದ್ದು ಕೇಳದು. ಮಾಳಿಗೆಯಲ್ಲಿದ್ದ ನನಗೆ ಆಕೆಯ ಕರೆ ಕೇಳದು. ಇಬ್ಬರು ವೃದ್ಧರು ಒಂದೇ ಮನೆಯಲ್ಲಿದ್ದು ಒಬ್ಬರಿಗೊಬ್ಬರು ದೂರವಾಣಿಯಲ್ಲಿ ಮಾತನಾಡಬೇಕಾಗಿ ಬಂದಾಗ, ಗೃಹವೈಭವದ ಅರ್ಥವೇನೆಂದು ಮರುಪರಿಶೀಲಿಸುವುದು ಅನಿವಾರ್ಯವಾಯಿತು.

ದೊಡ್ಡ ಮನೆಯನ್ನು ಬಿಟ್ಟು ಅಳತೆಗೆ ತಕ್ಕ ಚಿಕ್ಕ ಮನೆಯನ್ನು ಕಟ್ಟಿಸಿಕೊಂಡ ದಂಪತಿಗಳ ಕಥೆಗಳಲ್ಲಿ ನನಗೆ ಅತ್ಯಂತ ಸ್ವಾರಸ್ಯವಾಗಿ ಕಂಡದ್ದು, ಚಂಡೀಗಢ ನಗರವನ್ನು ರೂಪಿಸಿದ ಲೆ ಕಾರ್ಬೂಸಿಯೆಯ ತಂದೆತಾಯಿಗಳ ಕಥೆ. ಸ್ವಿಟ್ಸರ್ಲೆಂಡಿನ ಲಾ ಶೋ ದ ಫೋಂ ಎಂಬ ಗಡಿಯಾರಗಳ ಊರಿನಲ್ಲಿ ತಂದೆಗೆ ಗಡಿಯಾರದ ಮುಖಗಳಿಗೆ ಎನಾಮಲು ಹಾಕುವ ಕಸುಬು. ತಾಯಿ ಪಿಯಾನೊ ಪಾಠ ಹೇಳುವಾಕೆ. ಇಪ್ಪತ್ತೈದೂ ತುಂಬದ ಮಗ 1912ರಲ್ಲಿ ಅವರಿಗಾಗಿ ಬೆಟ್ಟದ ಮೇಲೆ ದೊಡ್ಡದೊಂದು ಬಿಳಿಯ ಮನೆಯನ್ನು ಕಟ್ಟಿಕೊಟ್ಟ. ಅದು ಅವರ ಕೂಡಿಟ್ಟ ಹಣವನ್ನೆಲ್ಲ ನುಂಗಿತು. 1919ರಲ್ಲಿ ನಷ್ಟಕ್ಕೆ ಮಾರಿಬಿಡಬೇಕಾಯಿತು. ಅದೇ ಮಗ, ಅದೇ ತಂದೆತಾಯಿಗಳಿಗಾಗಿ, 1923ರಲ್ಲಿ ಜಿನೀವಾ ಸರೋವರದ ದಡದಲ್ಲಿ ವೆವೆ ಪಟ್ಟಣದ ಸಮೀಪ ಎರಡನೆಯ ಮನೆಯನ್ನು ಕಟ್ಟಲು ತೊಡಗಿದ. ಈ ಸಲ ಅವನು ನಿವೇಶನ ಕೊಂಡು ನಕ್ಷೆ ಬರೆಯಲಿಲ್ಲ. ಇಬ್ಬರು ಮುದುಕರ ದಿನಚರಿಗೆ ಒಪ್ಪುವ ನಕ್ಷೆಯನ್ನು ಮೊದಲು ಬರೆದು, ಅದನ್ನು ಜೇಬಿನಲ್ಲಿಟ್ಟುಕೊಂಡು, ಅದಕ್ಕೊಪ್ಪುವ ನಿವೇಶನವನ್ನು ಹುಡುಕುತ್ತ ಹೋದ. ಉದ್ದ ಹದಿನಾರು ಮೀಟರು, ಅಗಲ ನಾಲ್ಕೇ ಮೀಟರು: ನಮ್ಮ ಲೆಕ್ಕದಲ್ಲಿ ಏಳು ಚದರಕ್ಕೂ ಒಳಗೆ. ಆದರೆ ಸರೋವರದ ಕಡೆಗೆ ಹನ್ನೊಂದು ಮೀಟರು, ಅಂದರೆ ಮೂವತ್ತಾರು ಅಡಿ ಉದ್ದದ ಒಂದೇ ಕಿಟಕಿ. ಅತಿಥಿ ಬಂದಾಗ ಮಡಿಸುವ ತಡಿಕೆಯನ್ನೆಳೆದು ಅವನಿಗೊಂದು ಮೂಲೆ ಮಾಡಿಕೊಡಬಹುದು. ಮನೆಯ ನಾಯಿಗೆ ಬೀದಿಯಲ್ಲಿ ಹೋಗುವವರ ಕಾಲುಗಳಾದರೂ ಕಾಣಲೆಂದು ಬೇಲಿಗೋಡೆಯಲ್ಲಿ ಅದಕ್ಕೂ ಒಂದು ಮೆಟ್ಟಿಲು, ಒಂದು ಕಂಡಿ. ನೆರೆಯ ಪುರಸಭೆಯವರು ಇದೊಂದು ಪ್ರಕೃತಿದ್ರೋಹವೆಂದು ಬಗೆದು ಇಂತಹ ಮನೆಯನ್ನು ಇನ್ನು ಯಾರೂ ಕಟ್ಟಕೂಡದೆಂದು ನಿಷೇಧಿಸಿದ್ದನ್ನು ಆತನೇ ಬರೆದಿಟ್ಟಿದ್ದಾನೆ. ಮನೆಯಲ್ಲಿ ದೋಷಗಳಿಲ್ಲದಿರಲಿಲ್ಲ; ಗೋಡೆ ಬಿರುಕುಬಿಟ್ಟು ಹೊರಮೈಗೆ ಲೋಹದ ತಗಡು ಹೊದಿಸಬೇಕಾಯಿತು. ತಂದೆ ಅಲ್ಲಿದ್ದದ್ದು ಅಲ್ಪಕಾಲ, 1926ರಲ್ಲಿ ತೀರಿಕೊಂಡ. ತಾಯಿ ಮಾತ್ರ 1960ರವರೆಗೆ, ನೂರರ ಸಮೀಪದ ವಯಸ್ಸಿನವರೆಗೆ, ಆ ಮನೆಯನ್ನೇ ತನ್ನದಾಗಿ ಮಾಡಿಕೊಂಡು ಬಾಳಿದಳು. ಜಗತ್ತಿನ ರಾಜಧಾನಿಗಳನ್ನು ಕನಸಿದವನು ತಾಯಿಯ ಅಡುಗೆಮನೆಯಿಂದ ಹಾಸಿಗೆಗೆ ಎಷ್ಟು ಹೆಜ್ಜೆ ಎಂಬುದನ್ನು ಲೆಕ್ಕವಿಟ್ಟು ಕಟ್ಟಿದನಲ್ಲ, ಅವನ ಮಹಾಕಟ್ಟಡಗಳಿಗಿಂತ ಇದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಚಿಕ್ಕದೇ ಬೇಕಾದರೆ ಅಪಾರ್ಟ್‌ಮೆಂಟಿನಲ್ಲಿ ಸಿದ್ಧವಾದದ್ದು ದೊರೆಯುತ್ತದಲ್ಲ ಎಂದು ಮಕ್ಕಳು ಕೇಳಿದರು. ದೊರೆಯುತ್ತದೆ, ನಿಜ. ಅಲ್ಲಿ ಹಗಲಿಗೊಬ್ಬ ಇರುಳಿಗೊಬ್ಬ ಕಾವಲುಗಾರನೂ ಇರುತ್ತಾನೆ. ಆದರೆ ಅದನ್ನು ಯಾರೋ ಕಾಣದ ಒಬ್ಬ ಗೃಹಸ್ಥನಿಗಾಗಿ, ಅವನಿಗೆ ಇಬ್ಬರು ಮಕ್ಕಳೆಂದೂ ಒಂದು ಕಾರೆಂದೂ ಊಹಿಸಿ ಕಟ್ಟಿರುತ್ತಾರೆ. ದೊಡ್ಡ ಮನೆಯಲ್ಲಿ ನಮಗೊಗ್ಗದ ಕೋಣೆಯೊಂದಿದ್ದರೆ ಅದಕ್ಕೆ ಬೀಗ ಹಾಕಿ ಇನ್ನೊಂದರಲ್ಲಿ ಇರಬಹುದು. ಚಿಕ್ಕ ಮನೆಯಲ್ಲಿ ಒಗ್ಗದ ಒಂದು ಮೂಲೆಯಿದ್ದರೂ ದಿನಕ್ಕೆ ಹತ್ತು ಸಲ ಅದಕ್ಕೆ ಮೊಣಕೈ ತಾಗುತ್ತದೆ. ಆದಕಾರಣ ಮನೆ ಚಿಕ್ಕದಾದಷ್ಟೂ ಅದು ಇರುವವರ ಅಳತೆಗೇ ಹೊಲಿದಂತಿರಬೇಕು.

ಅಳತೆ ಕೊಡುವುದಾದರೂ ಸುಲಭವಲ್ಲ. ನಮಗೆ ಬೇಕೆಂದು ನಾವು ಭಾವಿಸುವುದೇ ಒಂದು, ನಿಜವಾಗಿ ಬೇಕಾದುದೇ ಒಂದು. ಆರ್. ಕೆ. ನಾರಾಯಣ್ ಅವರು ಯಾದವಗಿರಿಯಲ್ಲಿ ತಮಗೆಂದೇ ಮನೆ ಕಟ್ಟಿಸಿದಾಗ, ಬರೆಯುವುದಕ್ಕಾಗಿ ಮಹಡಿಯಲ್ಲಿ ಸುತ್ತಲೂ ಕಿಟಕಿಗಳಿರುವ ಕೋಣೆಯೊಂದನ್ನು ಮಾಡಿಸಿದರು. ಕಿಟಕಿಗಳಿಂದ ಕಾಣುವ ನೋಟ ಬರವಣಿಗೆಯನ್ನು ಕೆಡಿಸುತ್ತದೆಂದು ಕಂಡ ಮೇಲೆ ಪರದೆ ಇಳಿಬಿಟ್ಟರು. ನಮ್ಮ ವಿಷಯದಲ್ಲಿ ಇಂತಹ ಮೋಹವೆಂದರೆ ತೊಟ್ಟಿ. ಹಳೆಯ ಮನೆಯನ್ನು ಬಿಟ್ಟರೂ ಒಂದು ಪುಟ್ಟ ತೊಟ್ಟಿಯನ್ನಾದರೂ ಹೊಸ ಮನೆಯ ನಡುವೆ ಇಟ್ಟುಕೊಳ್ಳಬೇಕೆಂದು ನನ್ನ ಹಟ. ನಕ್ಷೆ ಬರೆಯುತ್ತಿದ್ದ ಎಂಜಿನಿಯರು ವಾದ ಮಾಡಲಿಲ್ಲ, ಲೆಕ್ಕ ಹಾಕಿ ತೋರಿಸಿದರು: ಮೂವತ್ತಡಿಗೆ ಮೂವತ್ತಡಿ, ಒಟ್ಟು ಒಂಬತ್ತು ಚದರದ ಮನೆ, ಆರಡಿಯ ಚೌಕ ತೊಟ್ಟಿ, ಅದರ ಸುತ್ತ ನಡೆದಾಡಲು ಮೂರು ಮೂರು ಅಡಿ ಬಿಡದಿದ್ದರೆ ಅದು ತೊಟ್ಟಿಯಾಗದೆ ಬರಿಯ ಗುಂಡಿಯಾಗುತ್ತದೆ, ಅಲ್ಲಿಗೆ 144 ಚದರಡಿ, ಹೆಚ್ಚುಕಡಮೆ ಒಂದೂವರೆ ಚದರ, ಮಲಗುವ ಕೋಣೆಯಷ್ಟೇ ಜಾಗ, ಆಕಾಶಕ್ಕೂ ಓಡಾಟಕ್ಕೂ ಹೋಯಿತು. ದೊಡ್ಡ ಮನೆಯನ್ನು ಎಲ್ಲ ಕಡೆಯಿಂದಲೂ ಸಮನಾಗಿ ಕುಗ್ಗಿಸಿದರೆ ಚಿಕ್ಕ ಮನೆ ಆಗುವುದಿಲ್ಲವೆಂಬುದು ಆ ಹಾಳೆಯ ಮೇಲೆ ನನಗೆ ಸ್ಪಷ್ಟವಾಯಿತು. ತೊಟ್ಟಿಯಿಂದ ನಮಗೆ ದಿನವೂ ಸಿಗುತ್ತಿದ್ದುದು ಬೆಳಕು ಮತ್ತು ಗಾಳಿ. ಅವೆರಡನ್ನು ಮಾತ್ರ ಉಳಿಸಿಕೊಂಡು, ಹಜಾರದ ಮಾಡನ್ನು ಎತ್ತರಿಸಿ, ಮೇಲೆ ಗಾಜಿನ ಹೆಂಚುಗಳನ್ನೂ ಗಾಳಿಗಂಡಿಗಳನ್ನೂ ಇಟ್ಟೆವು.

ಲೆಕ್ಕದ ಮಾತು ಬಂದುದರಿಂದ ಇನ್ನೊಂದೆರಡನ್ನು ಹೇಳಬೇಕು. ಹಳೆಯ ಮನೆಯ ಮಣ್ಣಿನ ಗೋಡೆಗಳು ಎರಡಡಿ ದಪ್ಪ. ಅಂತಹ ಗೋಡೆಯನ್ನು ನಮ್ಮ ಮೂವತ್ತಡಿ ಚೌಕದ ಸುತ್ತ ಹಾಕಿದ್ದರೆ 224 ಚದರಡಿ, ಅಂದರೆ ಮನೆಯ ಕಾಲುಭಾಗ, ಗೋಡೆಯ ಹೊಟ್ಟೆಗೇ ಹೋಗುತ್ತಿತ್ತು. ಒಂಬತ್ತಿಂಚಿನ ಗೋಡೆಗೆ 88 ಚದರಡಿ ಸಾಕಾಯಿತು. ಮೂರಡಿ ಅಗಲದ ಕದವೊಂದು ತೆರೆದು ಮುಚ್ಚುವಾಗ ಏಳು ಚದರಡಿ ನೆಲವನ್ನು ಬಳಸಿ, ಅಲ್ಲಿ ಒಂದು ಸ್ಟೂಲನ್ನೂ ಇಡಗೊಡುವುದಿಲ್ಲ. ಆದುದರಿಂದ ಒಳಗಿನ ಬಾಗಿಲುಗಳನ್ನು ಪಕ್ಕಕ್ಕೆ ಸರಿಯುವಂತೆ ಮಾಡಿಸಿದೆವು. ದೊಡ್ಡ ಮನೆಯಲ್ಲಿದ್ದಷ್ಟು ಕಾಲ ಇಂತಹ ವಿಚಾರ ಯಾರ ತಲೆಗೂ ಬಂದದ್ದಿಲ್ಲ.

ಹೊಸ್ತಿಲಿನ ಪ್ರಶ್ನೆ ಮಾತ್ರ ಲೆಕ್ಕದಿಂದ ತೀರಲಿಲ್ಲ. ಹಳೆಯ ಮನೆಯ ಪ್ರತಿ ಬಾಗಿಲಿಗೂ ಒಂದೊಂದು ಹೊಸ್ತಿಲು, ಕೆಲವು ಮೊಳಕಾಲಿನ ಅರ್ಧದಷ್ಟು ಎತ್ತರ. ನಮ್ಮ ತಾಯಿಯವರು ಕೊನೆಗಾಲದಲ್ಲಿ ನಡುಮನೆಯ ಹೊಸ್ತಿಲೆಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಆಮೇಲೆ ಏಳಲಿಲ್ಲ. ಅದನ್ನು ಕಂಡ ನನ್ನ ಪತ್ನಿ, ಒಳಗೆ ಎಲ್ಲಿಯೂ ಹೊಸ್ತಿಲೇ ಕೂಡದೆಂದಳು. ಪುರೋಹಿತರು, ಹೊಸ್ತಿಲಿಲ್ಲದ ಮನೆಯಲ್ಲಿ ಲಕ್ಷ್ಮಿ ಎಲ್ಲಿ ನಿಲ್ಲಬೇಕೆಂದರು. ಕಡೆಗೆ ತಲೆಬಾಗಿಲಿಗೊಂದು ಹೊಸ್ತಿಲು, ಅದೂ ಒಂದೂವರೆ ಇಂಚಿನದು, ಅರಿಸಿನ ಕುಂಕುಮ ಇಡುವಷ್ಟು ಅಗಲದ್ದು ಎಂದು ರಾಜಿಯಾಯಿತು. ಅದೇ ಪುರೋಹಿತರು ಆಯವನ್ನು ನೋಡುವಾಗ ಮಾತ್ರ ಬಹಳ ಉದಾರಿಗಳಾಗಿದ್ದರು. ಉದ್ದಗಲಗಳನ್ನು ಗುಣಿಸಿ ಎಂಟರಿಂದ ಭಾಗಿಸಿ, ಶೇಷ ಒಂದಾದರೆ ಧ್ವಜಾಯ, ಮೂರಾದರೆ ಸಿಂಹಾಯ, ಐದಾದರೆ ವೃಷಭಾಯ, ಏಳಾದರೆ ಗಜಾಯ ಎಂದು ಶುಭವನ್ನು ನಿರ್ಣಯಿಸುವುದು ಪದ್ಧತಿ. ಅಂಗುಲವೊಂದನ್ನು ಅತ್ತಿತ್ತ ಸರಿಸಿ ನಮಗೂ ಒಂದು ಶುಭಾಯವನ್ನು ಕೂಡಿಸಿಕೊಟ್ಟರು. ಶಾಸ್ತ್ರವು ಶೇಷವನ್ನಷ್ಟೇ ಕೇಳುತ್ತದೆ, ಭಾಗಲಬ್ಧವನ್ನು ಕೇಳುವುದಿಲ್ಲ. ಸಿಂಹವು ನಲವತ್ತು ಚದರದಲ್ಲಿ ಹೇಗೆ ಇರಬಲ್ಲುದೋ ಒಂಬತ್ತರಲ್ಲಿಯೂ ಹಾಗೆಯೇ ಇರಬಲ್ಲುದು ಎಂಬುದನ್ನು ನೆಂಟರಿಷ್ಟರಿಗೆ ಹೇಳಲು ನನಗೆ ಇದರಿಂದ ಅನುಕೂಲವಾಯಿತು.

ಅಡುಗೆಮನೆಯ ವಿಷಯದಲ್ಲಿ ನಾನು ಬಾಯಿ ಹಾಕಲಿಲ್ಲ. ಹಳೆಯ ಮನೆಯಲ್ಲಿ ಮಣೆಯ ಮೇಲೆ ಕುಳಿತು ನೆಲದೊಲೆಯಲ್ಲಿ ಬೇಯಿಸಿದ ಕಾಲವೂ ಆಕೆಗೆ ಗೊತ್ತು. ಆಮೇಲೆ ಅದೇ ಕೋಣೆಯಲ್ಲಿ ಯಾರದೋ ಸಲಹೆಯಂತೆ ಕಟ್ಟಿಸಿದ ಕಟ್ಟೆಯ ಮುಂದೆ ಹೆಗಲೆತ್ತಿಕೊಂಡು ಸೌಟಾಡಿಸಿದ ಕಾಲವೂ ಗೊತ್ತು. ಮೇಸ್ತ್ರಿ ಬಂದು ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದ ದಿನ ಆಕೆ ಅಲ್ಲಿಯೇ ನಿಂತಿದ್ದಳು.

“ಇದೆಷ್ಟು ಎತ್ತರ?” ಎಂದಳು.

“ಮೂವತ್ತೆರಡಿಂಚು ಅಮ್ಮಾವ್ರೆ. ಎಲ್ಲಾ ಮನೆಗೂ ಅಷ್ಟೇ ಇಡೋದು.”

“ನಾನು ಎಲ್ಲಾ ಮನೇಲೂ ಅಡುಗೆ ಮಾಡೋಲ್ಲ ಕಣಪ್ಪ. ಇಲ್ಲೊಂದೇ ಮನೇಲಿ ಮಾಡೋದು.”

ಮೇಸ್ತ್ರಿ ನಕ್ಕು ಗೆರೆಯನ್ನು ಅಳಿಸಿದ. ಆಕೆ ಗೋಡೆಯ ಹತ್ತಿರ ನಿಂತು, ಚಪಾತಿ ಲಟ್ಟಿಸುವವಳಂತೆ ಕೈಯನ್ನು ಮಡಿಸಿ ಮುಂದಕ್ಕೆ ಚಾಚಿ, ಅಂಗೈ ಬಂದು ನಿಂತ ಕಡೆ ತಾನೇ ಗೆರೆ ಎಳೆದಳು: ಇಪ್ಪತ್ತೊಂಬತ್ತೂವರೆ ಇಂಚು. ಗ್ಯಾಸ್ ಒಲೆ ಇಡುವ ಕಡೆ ಅದಕ್ಕಿಂತ ನಾಲ್ಕಿಂಚು ತಗ್ಗು, ಏಕೆಂದರೆ ಒಲೆಯ ಎತ್ತರವೂ ಅದರ ಮೇಲಿನ ಪಾತ್ರೆಯ ಎತ್ತರವೂ ಕೂಡುತ್ತದಲ್ಲ. ಕಟ್ಟೆಯ ಕೆಳಗೆ ಒಂದು ಕಡೆ ಖಾಲಿ ಬಿಟ್ಟು, ಸ್ಟೂಲಿನ ಮೇಲೆ ಕುಳಿತು ಹೆಚ್ಚುವುದಕ್ಕೆ ಕಾಲು ಚಾಚುವ ಜಾಗ. ಇಷ್ಟು ಸೂಕ್ಷ್ಮವಾಗಿ ಯಾವ ವಾಸ್ತುಗ್ರಂಥವೂ ಅಡುಗೆಯವಳನ್ನು ವಿಚಾರಿಸಿರಲಾರದು. ಗೃಹಪ್ರವೇಶಕ್ಕೆ ಬಂದ ಎತ್ತರದ ಸೊಸೆ ಆ ಕಟ್ಟೆಯಲ್ಲಿ ಹಾಲು ಉಕ್ಕಿಸುವಾಗ ಬೆನ್ನು ಬಗ್ಗಿಸಿ ಗೊಣಗಿದಳೆಂಬುದೂ ನಿಜ.

ಗೋಡೆಗಳನ್ನು ನಿವೇಶನದಲ್ಲಿಯೇ ಒತ್ತಿದ ಮಣ್ಣಿನ ಇಟ್ಟಿಗೆಗಳಿಂದ ಕಟ್ಟಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಹುಟ್ಟಿದ, ಗ್ರಾಮಗಳಿಗೊಪ್ಪುವ ತಂತ್ರಜ್ಞಾನವನ್ನು ಅರಸುವ ಅಸ್ತ್ರ ಎಂಬ ಕೇಂದ್ರದವರು ಬಹುಕಾಲ ಪರಿಶ್ರಮಿಸಿ ರೂಢಿಗೆ ತಂದ ವಿಧಾನವಿದು: ಪಾಯ ತೋಡಿದ ಮಣ್ಣನ್ನೇ ಜರಡಿಯಾಡಿ, ಜಿಗುಟು ಹೆಚ್ಚಾಗಿದ್ದರೆ ಮರಳು ಕೂಡಿಸಿ, ಸೇಕಡಾ ಏಳೆಂಟು ಭಾಗ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ ತೆಗೆದು, ಸುಡದೆ, ಮೂರು ವಾರ ನೀರುಣಿಸಿ ಒಣಗಿಸುವುದು. ಮೇಸ್ತ್ರಿಗೆ ಇದರಲ್ಲಿ ಮೊದಮೊದಲು ವಿಶ್ವಾಸವಿರಲಿಲ್ಲ. ತಿರುವನಂತಪುರದಲ್ಲಿ ಲಾರಿ ಬೇಕರ್ ಅವರು ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಾಲುಭಾಗ ಇಟ್ಟಿಗೆ ಉಳಿಸುತ್ತಿದ್ದರೆಂದು ನಾನು ವಿವರಿಸಿದಾಗ ಅವನು, ಪುಣ್ಯಕ್ಕೆ ಸ್ವಾಮಿಗಳು ನಮಗೆ ಅದನ್ನು ಹೇಳಲಿಲ್ಲ ಎಂದು ಸಮಾಧಾನಪಟ್ಟುಕೊಂಡ. ದೊಡ್ಡ ಮನೆಗೆ ಅಗ್ಗದ ಸಾಮಾನನ್ನು ಹುಡುಕಬೇಕಾದೀತು. ಚಿಕ್ಕ ಮನೆಯಲ್ಲಿ ಸಾಮಾನು ಒಳ್ಳೆಯದನ್ನೇ ಹಾಕಬಹುದು, ನೆಲಕ್ಕೆ ಕೆಂಪು ಗಾರೆಯನ್ನು ಬಲ್ಲವನಿಂದಲೇ ಉಜ್ಜಿಸಿ ಹೊಳಪು ಬರಿಸಬಹುದು. ಜಾಗದಲ್ಲಿ ಉಳಿಸಿದ್ದು ಇಲ್ಲಿ ವ್ಯಯವಾಯಿತೆಂದು ನಾನು ಹೇಳಲೇಬೇಕು. ಮನೆ ಕಾಲುಭಾಗವಾಯಿತೆಂದು ಖರ್ಚೂ ಕಾಲುಭಾಗವಾಗಲಿಲ್ಲ. ಅಡುಗೆಮನೆ, ಬಚ್ಚಲು, ನೀರಿನ ಕೊಳಾಯಿ, ವಿದ್ಯುತ್ತು ಇವು ಚಿಕ್ಕ ಮನೆಗೂ ಇಡಿಯಾಗಿಯೇ ಬೇಕು. ಕುಗ್ಗುವುದು ಬರಿಯ ಕೋಣೆಗಳು, ಅಗ್ಗವಾದದ್ದೂ ಅವೇ.

ಕಟ್ಟುವುದಕ್ಕಿಂತ ಕಷ್ಟವಾದುದು ತೊಲಗಿಸುವುದು. ಪುಸ್ತಕಗಳನ್ನು ಕುರಿತು ಹೇಳತೊಡಗಿದರೆ ಈ ಭಾಷಣ ಮುಗಿಯಲಾರದು. ಅರ್ಧ ಕೊಟ್ಟೆ, ಯಾವ ಅರ್ಧ ಎಂದು ಕೇಳಬೇಡಿ. ಪಾತ್ರೆಗಳ ಕಥೆಯೇ ಬೇರೆ. ಅಟ್ಟದಿಂದ ಇಳಿಸಿ ಮೊಗಸಾಲೆಯಲ್ಲಿ ಹರಡಿದಾಗ, ನೂರು ಜನರ ಹುಳಿ ಕುದಿಸುವ ಕೊಪ್ಪರಿಗೆಗಳು, ತಾಮ್ರದ ಹಂಡೆಗಳು, ಕಡಾಯಿಗಳು, ಹಿತ್ತಾಳೆಯ ತಪ್ಪಲೆಗಳು, ಕೈಗೆತ್ತಿದರೆ ಹೆಗಲು ಜಗ್ಗುವ ಕಂಚಿನ ಬಟ್ಟಲುಗಳು ತೊಟ್ಟಿಯ ಮೂರು ಬದಿಯನ್ನೂ ತುಂಬಿದುವು. ಒಂದೊಂದರ ಕಂಠದ ಕೆಳಗೂ ಉಳಿಯ ಮೊನೆಯಿಂದ ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರು, ಊರು, ಕೆಲವುದರಲ್ಲಿ ಸಂವತ್ಸರ. ಯಾರ ಮದುವೆಗೆ ಯಾರು ಕೊಟ್ಟದ್ದೆಂಬ ಲೇಖ. ಎಷ್ಟೋ ಹೆಸರುಗಳು ಯಾರವೆಂದು ನಮಗೆ ತಿಳಿಯಲಿಲ್ಲ. ಪಾತ್ರೆಯಂಗಡಿಯವನು ತಕ್ಕಡಿ ತಂದು, ಸುತ್ತಿಗೆಯ ಹಿಡಿಯಿಂದ ಒಂದೊಂದನ್ನೂ ತಟ್ಟಿ ನಾದ ಕೇಳಿ, ತಾಮ್ರ ಬೇರೆ ಹಿತ್ತಾಳೆ ಬೇರೆ ಮಾಡುತ್ತ ಹೋದ.

“ಹೆಸರಿರೋದಕ್ಕೂ ಇಲ್ಲದ್ದಕ್ಕೂ ಒಂದೇ ರೇಟಾ?” ಎಂದು ಆಕೆ ಕೇಳಿದಳು.

“ಕರಗಿಸೋರಿಗೆ ಹೆಸರು ಯಾಕೆ ತಾಯಿ?” ಎಂದ ಅವನು, ಒರಟಾಗಿ ಅಲ್ಲ.

ಆಕೆ ಅಷ್ಟಕ್ಕೆ ವ್ಯಾಪಾರವನ್ನು ನಿಲ್ಲಿಸಿದಳು. ಹಂಡೆಗಳು ಹೋದುವು, ಹೆಸರು ಗುರುತಿಸಬಲ್ಲ ಪಾತ್ರೆಗಳನ್ನು ಆಯಾ ಮನೆತನದವರಿಗೇ ಕರೆದು ಕೊಟ್ಟಳು, ಕೊಪ್ಪರಿಗೆಗಳನ್ನು ದೇವಸ್ಥಾನದ ಪಾಕಶಾಲೆಯವರು ಸಂತೋಷದಿಂದ ಒಯ್ದರು. ಸಂದರ್ಭಗಳು ಹೋದ ಕಡೆಗೇ ಪಾತ್ರೆಗಳೂ ಹೋದುವು. ಒರಳುಕಲ್ಲನ್ನು ಮಾತ್ರ ಎಲ್ಲರೂ ಒಲ್ಲೆವೆಂದರು.

ಮರಮುಟ್ಟಿನ ವಿಷಯದಲ್ಲಿ ನಮಗೆ ದಾರಿ ತೋರಿಸಿದುದು ಮಣಿಪಾಲದ ಉದಾಹರಣೆ. ಬ್ಯಾಂಕಿನ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈಯವರು, ಕರಾವಳಿಯ ಹಳೆಯ ಮನೆಗಳು ಕೆಡವಲ್ಪಡುತ್ತಿದ್ದ ಕಾಲದಲ್ಲಿ ಅವುಗಳ ಕಂಬ, ಬಾಗಿಲು, ಕಿಟಕಿ, ಜಂತಿಗಳನ್ನು ಸಂಗ್ರಹಿಸಿ ಮೊದಲು ತಮ್ಮ ವಾಸಕ್ಕೇ ಹಸ್ತಶಿಲ್ಪವೆಂಬ ಮನೆಯನ್ನು ಕಟ್ಟಿಕೊಂಡರು. ಆಮೇಲೆ ಇಡಿಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿ ಪಾರಂಪರಿಕ ಗ್ರಾಮವನ್ನು ನಿಲ್ಲಿಸಿದರು. ಅಂತಹ ಸಾಹಸ ನಮ್ಮದಲ್ಲ. ಮೊಗಸಾಲೆಯ ಕಂಬಗಳಲ್ಲಿ ನಾಲ್ಕನ್ನು ಹೊಸ ಮನೆಯ ಹಜಾರಕ್ಕೆ ತಂದೆವು; ಹನ್ನೊಂದಡಿಯ ಕಂಬಗಳನ್ನು ಒಂದಡಿ ಕತ್ತರಿಸಬೇಕೆಂದು ಬಡಗಿ ಹೇಳಿದಾಗ, ಮಾಡನ್ನು ಒಂದಡಿ ಎತ್ತರಿಸಿದೆವು. ತಲೆಬಾಗಿಲು ಬರಲಿಲ್ಲ. ಅದರ ಚೌಕಟ್ಟೇ ನಮ್ಮ ಮುಂಗೋಡೆಯ ಮೂರನೆಯ ಒಂದು ಭಾಗವನ್ನು ನುಂಗುವಂತಿತ್ತು; ಒಂಬತ್ತು ಚದರದ ಮನೆಗೆ ಅಷ್ಟು ದೊಡ್ಡ ಬಾಗಿಲು ಇಟ್ಟರೆ ಒಳಗೆ ಬಂದವರು ಉಳಿದ ಮನೆಯೆಲ್ಲಿ ಎಂದು ಕೇಳಿಯಾರು.

ಈಗ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ನಾನು ಕುಳಿತ ಮೇಜಿನ ಬಳಿಗೆ ಅದರ ಘಾಟು ಬರುತ್ತದೆ. ನಾನು ಬಾನುಲಿ ಹಾಕಿದರೆ ಆಕೆಗೆ ಒಳಗೆ ಕೇಳುತ್ತದೆ, ಬೇಡವಾದಾಗಲೂ ಕೇಳುತ್ತದೆ. ಮುನಿಸಿಕೊಂಡು ಹೋಗಿ ಕುಳಿತುಕೊಳ್ಳಲು ಮಾಳಿಗೆಯಿಲ್ಲ. ಚಿಕ್ಕ ಮನೆಯ ದೋಷಗಳಲ್ಲಿ ಇದನ್ನು ನಾನು ಮೊದಲನೆಯದಾಗಿ ಎಣಿಸುತ್ತೇನೆ. ಯುವದಂಪತಿಗಳು ಇದನ್ನು ಗಮನಿಸಿಯೇ ನಕ್ಷೆ ಬರೆಯಿಸುವುದು ಒಳ್ಳೆಯದು. ಬೇಸಗೆಯ ರಜೆಯಲ್ಲಿ ಮೊಮ್ಮಕ್ಕಳು ಬಂದರೆ ಹಜಾರದಲ್ಲಿ ಸಾಲಾಗಿ ಹಾಸಿಗೆ ಹಾಸುತ್ತೇವೆ; ಅವರಿಗೆ ಅದೇ ಹಬ್ಬ, ಅವರ ತಂದೆತಾಯಿಗಳಿಗೆ ಮಾತ್ರ ನಿದ್ದೆ ಬರುವುದಿಲ್ಲ.

ತೀರದೆ ಉಳಿದ ಸಮಸ್ಯೆಯೆಂದರೆ ತಂದೆಯವರ ತಿಥಿ. ಹಳೆಯ ಮನೆಯಲ್ಲಿ ಅದು ನಡೆಯುತ್ತಿದ್ದ ರೀತಿಯೇ ಬೇರೆ. ಮಡಿಯಡುಗೆಗೆ ಒಂದು ಕೋಣೆ, ಬ್ರಾಹ್ಮಣರಿಗೆ ಒಂದು, ಬಂಧುಗಳ ಪಂಕ್ತಿಗೆ ಮೊಗಸಾಲೆ. ಹೊಸ ಮನೆಗೆ ಬಂದ ವರ್ಷ ನಾವು ಅದನ್ನು ಮಠವೊಂದರಲ್ಲಿ ಮಾಡಿದೆವು. ಅಲ್ಲಿ ಎಲ್ಲವೂ ಕಾಲಕ್ಕೆ ಸರಿಯಾಗಿ, ಶಾಸ್ತ್ರಕ್ಕೆ ಲೋಪವಿಲ್ಲದೆ, ಹನ್ನೆರಡೂವರೆಗೆ ಮುಗಿದು ರಸೀತಿಯೂ ಕೈಗೆ ಬಂತು. ಮದುವೆ ಹೋಯಿತು, ಬಾಣಂತನ ಹೋಯಿತು, ಇದೂ ಹೋಗಲಿ ಎಂದು ನಾನು ಮನಸ್ಸಿನಲ್ಲಿಯೇ ಒಪ್ಪಿಕೊಂಡಿದ್ದೆ. ಆದರೆ ಊರಿನಿಂದ ಬಂದ ನಮ್ಮಣ್ಣ ಊಟವಾದ ಮೇಲೆ, “ಅಪ್ಪಯ್ಯನಿಗೆ ಈ ಜಾಗ ಗೊತ್ತಿಲ್ಲ ಕಣೋ” ಎಂದು ಬಿಟ್ಟರು. ಮುಂದಿನ ವರ್ಷ ಮನೆಯಲ್ಲಿಯೇ ಆಗಬೇಕೆಂದೂ ಹೇಳಿ ಹೋದರು. ಹೊಸ ಮನೆಯೂ ಅಪ್ಪಯ್ಯನಿಗೆ ಗೊತ್ತಿಲ್ಲವಲ್ಲ ಎಂಬ ಮಾತು ನನ್ನ ನಾಲಗೆಯವರೆಗೂ ಬಂದು ನಿಂತಿತು, ಹಿರಿಯರೆಂದು ಸುಮ್ಮನಾದೆ. ಆಕೆ ಅಂದಿನಿಂದ ಅಳತೆಪಟ್ಟಿ ಹಿಡಿದಿದ್ದಾಳೆ. ಹಜಾರದ ಮೇಜನ್ನು ಹೊರಗಿನ ಕಟ್ಟೆಗೆ ಸಾಗಿಸಿ, ಕಂಬಗಳ ಆಚೆ ಈಚೆ ಎಲೆ ಹಾಕಿದರೆ ಒಂದು ಪಂಕ್ತಿಗೆ ಹನ್ನೆರಡು ಜನ, ಎರಡು ಪಂಕ್ತಿಗೆ ಇಪ್ಪತ್ತನಾಲ್ಕು ಎಂದು ಆಕೆಯ ಲೆಕ್ಕ. ಬಡಿಸುವವರು ಓಡಾಡಲು ಒಂದಡಿ ಜಾಗ ಸಾಲದೆಂದು ನನ್ನ ಲೆಕ್ಕ. ಅಣ್ಣನ ಮಕ್ಕಳೂ ಬರುವುದಾದರೆ ಮೂರನೆಯ ಪಂಕ್ತಿ ಬೇಕಾಗುತ್ತದೆ.